ಹಳೆಯ ಬೇಲರ್ ಕೊಳ್ಳುವ ಮುನ್ನ ಗಂಟು ನೋಡಿ

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತದ ಕೊಯ್ಲು ಈಗ ಬಹುಪಾಲು ಯಂತ್ರದ್ದೇ. ಕಂಬೈನ್ ಹಾರ್ವೆಸ್ಟರ್ ಕಾಳನ್ನು ಒಳಗಿಟ್ಟುಕೊಂಡು ಹುಲ್ಲನ್ನು ಹಿಂದೆ ಸಾಲಾಗಿ ಚೆಲ್ಲುತ್ತ ಹೋಗುತ್ತದೆ. ಕೈಯಲ್ಲಿ ಕೊಯ್ಯುತ್ತಿದ್ದ ಕಾಲದಲ್ಲಿ ಹುಲ್ಲು ಸಿವುಡಾಗಿಯೇ ಕಣಕ್ಕೆ ಬರುತ್ತಿತ್ತು, ಅಲ್ಲಿಂದ ಬಣವೆಗೆ ಏರುತ್ತಿತ್ತು. ಈಗ ಅದನ್ನು ಕೂಡಿಸಲು ಆಳು ಸಿಗುವುದಿಲ್ಲ, ಮುಂದಿನ ಬೆಳೆಗೆ ಗದ್ದೆಯೂ ಬೇಗ ತೆರವಾಗಬೇಕು. ಎಷ್ಟೋ ಕಡೆ ಬೆಂಕಿ ಇಟ್ಟುಬಿಡುತ್ತಾರೆ. ಅತ್ತ ಬಯಲುಸೀಮೆಯಲ್ಲಿ ಬೇಸಿಗೆ ಬಂತೆಂದರೆ ಮೇವಿಲ್ಲದೆ ದನ ಮಾರುವವರಿದ್ದಾರೆ. ಸುಡುವ ಹುಲ್ಲನ್ನು ಒತ್ತಿ ಪೆಂಡಿ ಕಟ್ಟಿ, ಹಸಿದ ದನದ ಮುಂದೆ ತಂದಿಡಬಲ್ಲ ಯಂತ್ರ ಬೇಲರ್.

ಬಿಡಿ ಹುಲ್ಲಿನ ಕಷ್ಟವಿರುವುದು ಅದರ ತೂಕದಲ್ಲಲ್ಲ, ಅದು ತುಂಬಿಕೊಳ್ಳುವ ಜಾಗದಲ್ಲಿ. ಒಂದು ಘನ ಮೀಟರ್ ಜಾಗದಲ್ಲಿ ಸಡಿಲ ಹುಲ್ಲು 100 ಕಿಲೋಗಿಂತ ತೀರಾ ಕಡಿಮೆ ಹಿಡಿಯುತ್ತದೆ. ಟ್ರಾಲಿ ತುಂಬಿದರೂ ಸಾಗುವುದು ಹೆಚ್ಚಾಗಿ ಗಾಳಿಯೇ. ಅದೇ ಜಾಗದಲ್ಲಿ ಪೆಂಡಿ ಕಟ್ಟಿದ ಹುಲ್ಲು 100 ಕಿಲೋ ಮೀರುತ್ತದೆ. ಚೌಕ ಪೆಂಡಿ ಕಟ್ಟುವ ಸಣ್ಣ ಬೇಲರಿನ ಒಳಗೂಡು ಸಾಮಾನ್ಯವಾಗಿ 36 ಸೆಂಟಿಮೀಟರ್ ಎತ್ತರ, 46 ಸೆಂಟಿಮೀಟರ್ ಅಗಲ ಇರುತ್ತದೆ. ಪೆಂಡಿಯ ಉದ್ದವನ್ನು 90 ಸೆಂಟಿಮೀಟರಿಗೆ ಇಟ್ಟುಕೊಂಡರೆ ಭತ್ತದ ಹುಲ್ಲಿನ ಒಂದು ಪೆಂಡಿ 15ರಿಂದ 20 ಕಿಲೋ ತೂಗುತ್ತದೆ. ಒಬ್ಬರೇ ಎತ್ತಬಹುದು, ಇಟ್ಟಿಗೆ ಜೋಡಿಸಿದಷ್ಟು ಸಲೀಸಾಗಿ ಒಟ್ಟಬಹುದು.

ಹೊಸ ಚೌಕ ಬೇಲರಿಗೆ ಒಂದು ಟ್ರ್ಯಾಕ್ಟರಿನಷ್ಟೇ ಹಣ ಬೇಕಾದೀತು. ಸೆಕೆಂಡ್ ಹ್ಯಾಂಡ್ ಕಡೆಗೆ ರೈತರ ಮನಸ್ಸು ಹೋಗುವುದು ಸಹಜ. ಕೊಳ್ಳುವವರು ಮೊದಲು ನೋಡುವುದು ಬಣ್ಣ, ಟೈರು, ತಯಾರಾದ ವರ್ಷ. ಈ ಮೂರೂ ಬೇಲರಿನ ಆರೋಗ್ಯದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಹೇಳುವುದು ಅದು ಹಾಕುವ ಗಂಟು. ಯಾಕೆಂದರೆ ಯಂತ್ರದ ಎಲ್ಲ ಭಾಗಗಳೂ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿದ್ದರೆ ಮಾತ್ರ ಗಂಟು ಬೀಳುತ್ತದೆ.

ಒಳಗೆ ನಡೆಯುವುದೇನು?

ಟ್ರ್ಯಾಕ್ಟರಿನ ಶಕ್ತಿಯನ್ನು ಬೇಲರಿಗೆ ದಾಟಿಸುವ ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಆ ಶಕ್ತಿ ಮೊದಲು ಹೋಗುವುದು ಭಾರವಾದ ಫ್ಲೈವೀಲ್‌ಗೆ. ಹುಲ್ಲನ್ನು ಒತ್ತುವ ಕ್ಷಣದಲ್ಲಿ ಬೇಕಾಗುವ ಬಲ ತುಂಬ ಹೆಚ್ಚು, ಉಳಿದ ಹೊತ್ತಿನಲ್ಲಿ ಕಡಿಮೆ. ಬಿಡುವಿನ ಹೊತ್ತಿನ ಶಕ್ತಿಯನ್ನು ಫ್ಲೈವೀಲ್ ತನ್ನ ತಿರುಗಾಟದಲ್ಲಿ ಕೂಡಿಟ್ಟುಕೊಂಡು ಒತ್ತುವ ಕ್ಷಣದಲ್ಲಿ ಬಿಟ್ಟುಕೊಡುತ್ತದೆ. 35ರಿಂದ 50 ಅಶ್ವಶಕ್ತಿಯ ಟ್ರ್ಯಾಕ್ಟರಿಗೂ ಈ ಕೆಲಸ ಒಗ್ಗುವುದು ಹೀಗೆ.

ಕೆಳಗಿನ ಪಿಕಪ್ ಕಡ್ಡಿಗಳು ಸಾಲಿನ ಹುಲ್ಲನ್ನು ಎತ್ತಿ ಕೊಡುತ್ತವೆ, ಫೀಡರ್ ಅದನ್ನು ಪಕ್ಕದಿಂದ ಗೂಡಿನೊಳಗೆ ತಳ್ಳುತ್ತದೆ. ಅಲ್ಲಿ ಪ್ಲಂಜರ್ ಎಂಬ ಉಕ್ಕಿನ ಪೆಟ್ಟಿಗೆ ನಿಮಿಷಕ್ಕೆ 80ರಿಂದ 100 ಸಲ ಹಿಂದೆ ಮುಂದೆ ಓಡಾಡುತ್ತ ಹುಲ್ಲನ್ನು ಜಡಿಯುತ್ತದೆ. ಒಂದೊಂದು ಹೊಡೆತಕ್ಕೂ ಒಂದು ಪದರ. ಹನ್ನೆರಡು ಹದಿನೈದು ಪದರ ಸೇರಿದರೆ ಒಂದು ಪೆಂಡಿ. ಪ್ಲಂಜರಿನ ಅಂಚಿಗೆ ಒಂದು ಕತ್ತಿ, ಗೂಡಿನ ಬಾಯಿಗೆ ಇನ್ನೊಂದು. ಹೊರಗೆ ಚಾಚಿಕೊಂಡ ಹುಲ್ಲನ್ನು ಇವೆರಡೂ ಸೇರಿ ಕತ್ತರಿಸುತ್ತವೆ. ಪೆಂಡಿ ಬೇಕಾದಷ್ಟು ಉದ್ದವಾಯಿತೆಂಬುದನ್ನು ಹುಲ್ಲಿನ ಜೊತೆಗೇ ತಿರುಗುವ ಹಲ್ಲಿನ ಚಕ್ರವೊಂದು ಅಳೆದು, ಗಂಟಿನ ಯಂತ್ರವಾದ ನಾಟರಿಗೆ ಚಾಲನೆ ಕೊಡುತ್ತದೆ.

ಯಂತ್ರವೊಂದು ತಾನೇ ಗಂಟು ಹಾಕುವಂತೆ ಮಾಡುವುದು ಸುಲಭವಾಗಿರಲಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನ ಜಾನ್ ಆಪಲ್‌ಬಿ 1870ರ ದಶಕದ ಕೊನೆಯಲ್ಲಿ ಸಿವುಡು ಕಟ್ಟುವ ಯಂತ್ರಕ್ಕಾಗಿ ಅದನ್ನು ಸಾಧಿಸಿದರು. ಪೆನ್ಸಿಲ್ವೇನಿಯಾದ ಎಡ್ವಿನ್ ನೋಲ್ಟ್ 1930ರ ದಶಕದ ಕೊನೆಗೆ, ಹುಲ್ಲನ್ನು ತಾನೇ ಎತ್ತಿಕೊಂಡು ತಾನೇ ಕಟ್ಟುವ ಬೇಲರನ್ನು ರೂಪಿಸಿದರು. ಇವತ್ತಿನ ಸಣ್ಣ ಬೇಲರುಗಳ ಮೂಲ ವಿನ್ಯಾಸ ಅದೇ. ಹಳೆಯ ಯಂತ್ರವೊಂದನ್ನು ಈಗಲೂ ಧೈರ್ಯವಾಗಿ ಕೊಳ್ಳಬಹುದು ಅನ್ನುವುದಕ್ಕೆ ಇದೂ ಒಂದು ಕಾರಣ.

ಗಂಟು ಬೀಳುವುದು ಹೀಗೆ. ದಾರದ ಒಂದು ತುದಿಯನ್ನು ಹಲ್ಲಿನ ಬಿಲ್ಲೆಯೊಂದು ಮೊದಲೇ ಕಚ್ಚಿ ಹಿಡಿದಿರುತ್ತದೆ. ಪೆಂಡಿ ಬೆಳೆದಂತೆ ದಾರ ಅದನ್ನು ಬಳಸುತ್ತ ಹೋಗುತ್ತದೆ. ಕೊನೆಗೆ ಬಾಗಿದ ಸೂಜಿ ಕೆಳಗಿನಿಂದ ಇನ್ನೊಂದು ಎಳೆಯನ್ನು ತಂದು ಒಪ್ಪಿಸುತ್ತದೆ. ಎರಡೂ ಎಳೆ ಬಿಲ್‌ಹುಕ್ ಎಂಬ ಕೊಕ್ಕಿನ ಮೇಲೆ ಬೀಳುತ್ತವೆ. ಕೊಕ್ಕು ಒಂದು ಸುತ್ತು ತಿರುಗಿ ಕುಣಿಕೆ ಮಾಡಿಕೊಂಡು, ಬಾಯಿ ತೆರೆದು ಎಳೆಗಳನ್ನು ಕಚ್ಚುತ್ತದೆ. ಸಣ್ಣ ಚಾಕು ದಾರವನ್ನು ಕತ್ತರಿಸುತ್ತದೆ. ಒಂದು ತೋಳು ಬಂದು ಕುಣಿಕೆಯನ್ನು ಕೊಕ್ಕಿನಿಂದ ಒರೆಸಿ ತೆಗೆಯುತ್ತದೆ, ಗಂಟು ಬಿಗಿಯುತ್ತದೆ. ಇಷ್ಟೂ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. ಪೆಂಡಿಗೆ ಎರಡು ದಾರ, ಎರಡು ಗಂಟು.

ಕೈಯಲ್ಲಿ ತಿರುಗಿಸಿ ನೋಡಿ

ಯಂತ್ರ ನೋಡಲು ಹೋದಾಗ ಮೊದಲು ಟ್ರ್ಯಾಕ್ಟರಿನಿಂದ ಪಿಟಿಒ ಶಾಫ್ಟ್ ಬಿಚ್ಚಿಸಿ. ನಾಟರಿನ ಲಿವರನ್ನು ಕೈಯಾರೆ ಬಿಡಿಸಿ, ಫ್ಲೈವೀಲನ್ನು ಅದು ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿ. ಬೆರಳನ್ನು ಮಾತ್ರ ಒಳಗೆ ಇಡಬೇಡಿ. ಸೂಜಿಗಳು ಮೇಲೇರುವ ಹೊತ್ತಿಗೆ ಪ್ಲಂಜರ್ ಹುಲ್ಲನ್ನು ಒತ್ತುವ ಕಡೆಗಿರಬೇಕು. ಅದರ ಮುಖದಲ್ಲಿರುವ ಸೀಳುಗಳ ಮೂಲಕ ಸೂಜಿಗಳು ಎಲ್ಲೂ ತಾಗದೆ ಹಾಯಬೇಕು. ಹೊಂದಾಣಿಕೆ ತಪ್ಪಿದರೆ ಪ್ಲಂಜರ್ ಬಂದು ಸೂಜಿಗೆ ಬಡಿಯುತ್ತದೆ, ಸೂಜಿ ಮುರಿಯುತ್ತದೆ. ಹಾಗಾಗದಿರಲೆಂದೇ ಪ್ಲಂಜರನ್ನು ಅಡ್ಡಗಟ್ಟುವ ಒಂದು ಕೊಂಡಿ ಇರುತ್ತದೆ. ಅದು ತುಕ್ಕು ಹಿಡಿದು ಕೂತಿಲ್ಲ, ಸಲೀಸಾಗಿ ಆಡುತ್ತಿದೆ ಎಂಬುದನ್ನು ಕೈಯಿಟ್ಟು ಖಚಿತಪಡಿಸಿಕೊಳ್ಳಿ. ಸೂಜಿಗೆ ವೆಲ್ಡಿಂಗ್ ಮಾಡಿದ ಗುರುತಿದ್ದರೆ ಈ ಅಪಘಾತ ಒಮ್ಮೆ ನಡೆದಿದೆ ಎಂದರ್ಥ.

ಮುಂದೆ ಸವೆತ. ನಾಟರಿನ ಶಾಫ್ಟನ್ನು ಮೇಲಕ್ಕೆತ್ತಿ ಅಲುಗಿಸಿದರೆ ಲೂಸು ಎಷ್ಟಿದೆ ಎಂಬುದು ಗೊತ್ತಾಗುತ್ತದೆ. ಕೊಕ್ಕಿನ ಮೇಲೆ, ಸೂಜಿಯ ಕಣ್ಣಿನಲ್ಲಿ ದಾರ ಉಜ್ಜಿ ಬಿದ್ದ ಗೀರುಗಳನ್ನು ಉಗುರಿನಿಂದ ಮುಟ್ಟಿ ನೋಡಿ. ಪ್ಲಂಜರನ್ನು ಎತ್ತಿ, ಪಕ್ಕಕ್ಕೆ ತಳ್ಳಿ ನೋಡಿ. ಎರಡು ಕತ್ತಿಗಳ ನಡುವಿನ ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಪ್ಲಂಜರ್ ಜಾರುವ ಆಧಾರಗಳು ಸವೆದರೆ ಈ ಅಂತರ ಹಿಗ್ಗುತ್ತದೆ. ಆಗ ಕತ್ತಿ ಹುಲ್ಲನ್ನು ಕತ್ತರಿಸುವುದಿಲ್ಲ, ಜಗ್ಗುತ್ತದೆ. ಟ್ರ್ಯಾಕ್ಟರಿಗೆ ಹೊರೆ ಹೆಚ್ಚಿ ಡೀಸೆಲ್ ಹೆಚ್ಚು ಸುಡುತ್ತದೆ.

ಇಲ್ಲಿ ಕೇಳಲೇಬೇಕಾದ ಪ್ರಶ್ನೆ: ಈ ಯಂತ್ರ ಇದುವರೆಗೆ ಕಟ್ಟಿದ್ದು ಯಾವ ಹುಲ್ಲು? ಭತ್ತದ ಹುಲ್ಲಿನ ಒಣತೂಕದಲ್ಲಿ ಸುಮಾರು ಹತ್ತನೇ ಒಂದು ಭಾಗ ಸಿಲಿಕಾ. ಮರಳಿನಲ್ಲಿರುವುದೂ ಇದೇ ಸಿಲಿಕಾ. ಅದು ಕತ್ತಿ, ಕಡ್ಡಿ, ಗೂಡಿನ ತಳವನ್ನು ದಿನದಿನವೂ ಉಜ್ಜುತ್ತಿರುತ್ತದೆ. ಸಮನಾದ ಸಂಖ್ಯೆಯ ಪೆಂಡಿ ಕಟ್ಟಿದ ಎರಡು ಯಂತ್ರಗಳಲ್ಲಿ ಭತ್ತದ ಗದ್ದೆಯಲ್ಲಿ ದುಡಿದದ್ದು ಹೆಚ್ಚು ಸವೆದಿರುತ್ತದೆ. ಭತ್ತ ಹೆಚ್ಚು ಬೆಳೆಯುವ ಪಂಜಾಬ್, ಹರಿಯಾಣದ ಕಡೆಯಿಂದ ಬಂದ ಯಂತ್ರವಾದರೆ ಇದನ್ನು ಮರೆಯಬೇಡಿ.

ಫ್ಲೈವೀಲಿನ ಬಳಿಯ ಶಿಯರ್ ಬೋಲ್ಟನ್ನು ನೋಡದೆ ಬರಬೇಡಿ. ಕಲ್ಲೋ ಕಟ್ಟಿಗೆಯೋ ಒಳಗೆ ಸಿಕ್ಕಿದಾಗ ತಾನು ಮುರಿದು ಗೇರ್‌ಬಾಕ್ಸನ್ನು ಉಳಿಸುವುದೇ ಅದರ ಕೆಲಸ. ಪದೇ ಪದೇ ಮುರಿಯುತ್ತದೆಂದು ಕೆಲವರು ಅಲ್ಲಿ ಗಟ್ಟಿ ಬೋಲ್ಟ್ ಹಾಕಿಬಿಡುತ್ತಾರೆ. ಅದು ಕಂಡರೆ ಗೇರ್‌ಬಾಕ್ಸ್ ತಿಂದ ಪೆಟ್ಟುಗಳ ಲೆಕ್ಕ ಯಾರ ಬಳಿಯೂ ಇಲ್ಲ ಎಂದು ತಿಳಿಯಿರಿ. ಗೂಡಿನ ಒಳಮೈ ಹೊಳೆಯುತ್ತಿದ್ದರೆ ಯಂತ್ರ ಬಳಕೆಯಲ್ಲಿದೆ. ಒಳಗೆ ಹಳೆಯ ಹುಲ್ಲು ಕೊಳೆತು ತುಕ್ಕು ಹಿಡಿದಿದ್ದರೆ, ಹೊರಗಿನ ಹೊಸ ಬಣ್ಣ ನಿಮ್ಮ ಕಣ್ಣಿಗಾಗಿ ಬಳಿದದ್ದು.

ಹತ್ತು ಪೆಂಡಿಯ ಪರೀಕ್ಷೆ

ನಿಂತ ಯಂತ್ರವನ್ನು ಎಷ್ಟು ನೋಡಿದರೂ ಸಾಲದು. ಗದ್ದೆಗಿಳಿಸಿ ಕನಿಷ್ಠ ಹತ್ತು ಪೆಂಡಿ ಕಟ್ಟಿಸಿ. ನೀವು ಬಳಸಲಿರುವ ದಾರವನ್ನೇ ಹಾಕಿಸಿ: ಕತ್ತಾಳೆಯ ದಾರ ಒರಟು, ಪ್ಲಾಸ್ಟಿಕ್ ದಾರ ಜಾರುತ್ತದೆ, ಒಂದಕ್ಕೆ ಹೊಂದಿಸಿದ ಹಿಡಿತ ಇನ್ನೊಂದಕ್ಕೆ ಸರಿಹೋಗದು. ಹತ್ತು ಪೆಂಡಿಗೆ ಇಪ್ಪತ್ತು ಗಂಟು. ತಪ್ಪಿದ ಗಂಟನ್ನು ಎಸೆಯದೆ ಕೈಯಲ್ಲಿ ಹಿಡಿದು ನೋಡಿ. ಒಂದೇ ಎಳೆಯಲ್ಲಿ ಗಂಟು ಬಿದ್ದಿದ್ದರೆ ಬಿಲ್ಲೆಯ ಹಿಡಿತ ಸಡಿಲ, ಇಲ್ಲವೇ ಸೂಜಿ ದಾರವನ್ನು ಸರಿಯಾಗಿ ತಲುಪಿಸಿಲ್ಲ. ಗಂಟು ಕೊಕ್ಕಿನಲ್ಲೇ ಸಿಕ್ಕಿಕೊಂಡಿದ್ದರೆ ಒರೆಸುವ ತೋಳು ಕೊಕ್ಕನ್ನು ಸವರುತ್ತಿಲ್ಲ. ತುದಿಗಳು ನಾರುನಾರಾಗಿದ್ದರೆ ಚಾಕು ಮೊಂಡು. ಇವೆಲ್ಲ ಹೊಂದಿಸಿ ಸರಿಪಡಿಸಬಹುದಾದ ದೋಷಗಳು, ಬೆಲೆ ಇಳಿಸಲು ನ್ಯಾಯವಾದ ಕಾರಣಗಳು. ಹೊಂದಿಸಿದ ಮೇಲೂ ಗಂಟು ಮತ್ತೆ ಮತ್ತೆ ತಪ್ಪುತ್ತಿದ್ದರೆ ಕಾರಣ ಸವೆತ. ಆಗ ಹೊಸ ನಾಟರಿನ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ.

ಪೆಂಡಿಯ ಆಕಾರವೂ ಮಾತಾಡುತ್ತದೆ. ಕತ್ತಿ ಹಾಯ್ದ ಬದಿಯಲ್ಲಿ ಹುಲ್ಲು ಜೋತುಬಿದ್ದಿದ್ದರೆ ಕತ್ತಿಯ ಕಡೆ ನೋಡಿ. ಪೆಂಡಿ ಬಾಗಿದ್ದರೆ ಫೀಡರ್ ಗೂಡಿನ ಎರಡೂ ಬದಿಗೆ ಸಮನಾಗಿ ಹುಲ್ಲು ತುಂಬುತ್ತಿಲ್ಲ.

ಪರೀಕ್ಷೆಗೆ ಒಣಹುಲ್ಲೇ ಇರಲಿ. ತೇವ ನೂರಕ್ಕೆ 20ನ್ನು ಮೀರಿದ ಹುಲ್ಲನ್ನು ಬಿಗಿಯಾಗಿ ಕಟ್ಟಿದರೆ ಒಳಗೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅವುಗಳ ಉಸಿರಾಟದ ಶಾಖ ಹೊರಗೆ ಹೋಗಲಾರದೆ ಒಳಗೇ ಕೂಡುತ್ತದೆ. ಪೆಂಡಿಯ ಒಡಲು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾಸಾಯನಿಕ ಕ್ರಿಯೆಗಳು ಶಾಖವನ್ನು ಇನ್ನಷ್ಟು ಏರಿಸಿ ಬಣವೆಗೆ ತಾನಾಗಿಯೇ ಬೆಂಕಿ ಹತ್ತುವ ಅಪಾಯವಿದೆ. ಬೆಂಕಿ ಹತ್ತದಿದ್ದರೂ ಬೂಷ್ಟು ಹಿಡಿದ ಹುಲ್ಲಿನ ಅಫ್ಲಾಟಾಕ್ಸಿನ್ ವಿಷ ಹಸುವಿನ ಮೂಲಕ ಹಾಲಿಗೆ ಇಳಿಯಬಲ್ಲದು. ಎಷ್ಟು ಒಳ್ಳೆಯ ಬೇಲರೂ ಇದನ್ನು ತಡೆಯಲಾರದು. ತಡೆಯಬೇಕಾದ್ದು ಬಿಸಿಲು ಮತ್ತು ನಮ್ಮ ತಾಳ್ಮೆ.

ನಿಮಗೆ ಬೇಕೇ, ನಿಮ್ಮ ಊರಿಗೆ ಬೇಕೇ?

ಯಂತ್ರ ಚೆನ್ನಾಗಿದೆ ಎಂದಾದ ಮೇಲೂ ಒಂದು ಲೆಕ್ಕ ಉಳಿಯುತ್ತದೆ. ಎಕರೆಗೆ 1.2 ಟನ್ ಹುಲ್ಲು ಸಿಕ್ಕಿತು, ಪೆಂಡಿ 16 ಕಿಲೋ ಎಂದಿಟ್ಟುಕೊಳ್ಳಿ. ಎಕರೆಗೆ 75 ಪೆಂಡಿ, ಐದು ಎಕರೆಗೆ 375. ಗಂಟೆಗೆ 200 ಪೆಂಡಿ ಕಟ್ಟುವ ಯಂತ್ರಕ್ಕೆ ಇದು ಎರಡು ಗಂಟೆಯ ಕೆಲಸವೂ ಅಲ್ಲ. ಉಳಿದ ದಿನವೆಲ್ಲ ಯಂತ್ರ ಕೊಟ್ಟಿಗೆಯಲ್ಲಿ ನಿಂತು ತುಕ್ಕು ತಿನ್ನುತ್ತದೆ. ಸಣ್ಣ ಹಿಡುವಳಿಯವರು ಒಬ್ಬೊಬ್ಬರೇ ಬೇಲರ್ ಕೊಳ್ಳುವುದು ಜಾಣತನವಲ್ಲ. ಮೇವು ಮನೆಗಷ್ಟೇ ಸಾಕು ಎನ್ನುವವರು ಬಾಡಿಗೆಗೆ ತರಿಸಲಿ. ಅಥವಾ ಉರುಳೆ ಪೆಂಡಿಯ ಮಿನಿ ಬೇಲರ್ ನೋಡಲಿ: ಅದು ದಾರವನ್ನು ಸುತ್ತಿ ಕತ್ತರಿಸುತ್ತದೆ ಅಷ್ಟೇ, ಗಂಟಿನ ಗೋಜಿಲ್ಲ, ಒಟ್ಟಲು, ಲಾರಿಗೆ ತುಂಬಲು ಮಾತ್ರ ಚೌಕ ಪೆಂಡಿಯಷ್ಟು ಅನುಕೂಲವಲ್ಲ.

ಹದಿನೈದು ಇಪ್ಪತ್ತು ಮನೆಯವರು, ಒಂದು ಹಾಲಿನ ಸಂಘ ಅಥವಾ ಸ್ವಸಹಾಯ ಗುಂಪು ಸೇರಿ ಕೊಂಡರೆ ಇದೇ ಹಳೆಯ ಯಂತ್ರ ಇಡೀ ಊರಿನ ಮೇವನ್ನು ಕಟ್ಟಬಲ್ಲದು. ಕೊಳ್ಳುವ ಮೊದಲೇ ಬಿಡಿಭಾಗ ಎಲ್ಲಿ ಸಿಗುತ್ತದೆ, ಎಷ್ಟು ದಿನಕ್ಕೆ ಬರುತ್ತದೆ ಎಂದು ವಿಚಾರಿಸಿಕೊಳ್ಳಿ. ಕೊಯ್ಲಿನ ವಾರದಲ್ಲಿ ಒಂದು ಸೂಜಿಗಾಗಿ ಕಾಯುವುದೆಂದರೆ ಹುಲ್ಲನ್ನು ಕಳೆದುಕೊಂಡಂತೆ. ಯಂತ್ರದ ಹೊಣೆಯನ್ನು ಒಬ್ಬರಿಗೇ ವಹಿಸಿ. ಅವರು ನಾಟರನ್ನು ಕಲಿಯಲಿ, ದಿನವೂ ಗ್ರೀಸ್ ಹಾಕಲಿ, ಕೈ ಹಾಕುವ ಮುನ್ನ ಎಂಜಿನ್ ಆರಿಸಿ ಫ್ಲೈವೀಲ್ ಪೂರ್ತಿ ನಿಲ್ಲುವ ತನಕ ಕಾಯಲಿ, ಹಂಗಾಮು ಮುಗಿದ ದಿನವೇ ಗೂಡನ್ನು ಖಾಲಿ ಮಾಡಿ ಎಣ್ಣೆ ಸವರಲಿ. ಹಳೆಯ ಬೇಲರಿನ ಆಯುಸ್ಸು ಅದರ ವಯಸ್ಸಿಗಿಂತ ಈ ಒಬ್ಬರ ಶ್ರದ್ಧೆಯನ್ನೇ ಹೆಚ್ಚು ನೆಚ್ಚಿಕೊಂಡಿರುತ್ತದೆ. ಅಂಥವರು ನಿಮ್ಮ ಊರಿನಲ್ಲಿ ಯಾರು ಎಂದು ಗೊತ್ತುಮಾಡಿಕೊಂಡೇ ಯಂತ್ರ ನೋಡಲು ಹೊರಡಿ, ಅವರನ್ನೂ ಕರೆದುಕೊಂಡು.