ಗಿರಿದುರ್ಗದ ಜಲರಹಸ್ಯ

ಸೊರಬ ತಾಲ್ಲೂಕಿನ ಉಳವಿಯಿಂದ ಹೊರಟು, ಊರಿಂದೂರಿಗೆ ತಂಗುತ್ತ, ದಾರಿ ಬಲ್ಲವರೊಡನೆ ಚಂದ್ರಗುತ್ತಿಯ ಬೆಟ್ಟವನ್ನೇರುವ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಯೊಂದುಂಟು: ಇಷ್ಟೆತ್ತರದ ಕೋಟೆಯಲ್ಲಿ ಜನರು ಏನನ್ನು ಕುಡಿದು ಬದುಕಿದರು?

ಕದಂಬರಿಂದ ಕೆಳದಿಯ ನಾಯಕರವರೆಗೆ ಹಲವರು ಆಳಿದ ಈ ಸ್ಥಳದಲ್ಲಿ ರೇಣುಕಾಂಬೆಯ ಗುಹಾಲಯವಿದೆ. ಬೆಟ್ಟದ ಮೇಲೆ ಪಾಳುಗೋಡೆಗಳೂ ಕೊಳಗಳೂ ಇವೆ. ಇಲ್ಲಿ ಮಳೆಯು ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಬಿರುಕಿಲ್ಲದ ಬಂಡೆಯು ನೀರನ್ನು ಹೀರದು. ತಗ್ಗಿನಲ್ಲಿ ನಿಂತ ನೀರು ಹೆಚ್ಚಾಗಿ ಆವಿಯಾಗಿಯೇ ಕುಗ್ಗುತ್ತದೆ. ಆವಿಯಾಗುವುದು ಮೇಲ್ಮೈಯಿಂದ ಮಾತ್ರ. ಆದುದರಿಂದ ಕೊಳದ ಬಾಯಿ ಕಿರಿದಾಗಿ, ಆಳ ಹೆಚ್ಚಿದಷ್ಟೂ ನೀರು ಬಹುಕಾಲ ಉಳಿಯುತ್ತದೆ. ಗೋಡೆ ಎಷ್ಟೇ ದಪ್ಪವಿರಲಿ, ಮುತ್ತಿಗೆಯ ಕಾಲದಲ್ಲಿ ಕೊಳ ಬತ್ತಿದ ದುರ್ಗವು ಬಿದ್ದಂತೆಯೇ ಸರಿ.

ಏರುವವನ ದೇಹಕ್ಕೂ ನೀರೇ ಆಧಾರ. ಬೆವರು ಆರುವಾಗ ಮೈಯ ಶಾಖವನ್ನು ಒಯ್ಯುತ್ತದೆ. ಹೋದ ನೀರನ್ನು ತುಂಬದಿದ್ದರೆ ತಲೆ ಸುತ್ತುವುದು. ನೀರು ಜೊತೆಗಿರಲಿ, ನಡಿಗೆ ನಿಧಾನವಾಗಿರಲಿ.

ಮುಂದೆ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಬಂದರೆ 5ನೆಯ ಶತಮಾನದ ಶಿಲಾಸ್ತಂಭವನ್ನು ಕಾಣಬಹುದು. ಅದರ ಸಂಸ್ಕೃತ ಶಾಸನದಲ್ಲಿ ಕವಿ ಕುಬ್ಜನು ಮಯೂರಶರ್ಮನ ಪರಾಕ್ರಮದೊಡನೆ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯನ್ನೂ ದಾಖಲಿಸಿದ್ದಾನೆ. ಗೆಲುವಿನಷ್ಟೇ ಕೆರೆಯೂ ಕೀರ್ತಿಗೆ ಅರ್ಹವೆಂದು ಬಗೆದ ಆ ನಾಡಿನ ಕೊಳಗಳಿಗೆ ಇಂದು ಪ್ಲಾಸ್ಟಿಕ್ ಕಸವನ್ನೆಸೆಯುವುದು ತರವೇ?