ದಾಸೋಹ, ದತ್ತಕ ಮತ್ತು ಧರ್ಮಸ್ವಾತಂತ್ರ್ಯ

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸಿದ್ಧಗಂಗೆಯಲ್ಲಿ ಜಾತಿಮತಗಳನ್ನೆಣಿಸದೆ ಸಹಸ್ರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ತ್ರಿವಿಧ ದಾಸೋಹವೆನಿಸಿದ ಈ ಸೇವೆ ಮಠಕ್ಕೆ ಧರ್ಮಕಾರ್ಯವೇ ಹೊರತು ಸರ್ಕಾರ ಒಪ್ಪಿಸಿದ ಕೆಲಸವಲ್ಲ. ಹಾಗಿರುವಾಗ ಮಕ್ಕಳನ್ನು ಸಲಹುವ ಧಾರ್ಮಿಕ ಸಂಸ್ಥೆಗಳಿಗೆ ಕಾನೂನಿನಿಂದ ವಿನಾಯಿತಿ ಇರಬೇಡವೆ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಭಕ್ತರ ಮನದಲ್ಲೂ ಏಳಬಹುದಾದ ಪ್ರಶ್ನೆಯಿದು.

ಸಂವಿಧಾನದ 26ನೆಯ ವಿಧಿಯು ಧಾರ್ಮಿಕ ಹಾಗೂ ದತ್ತಿ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಪ್ರತಿಯೊಂದು ಧಾರ್ಮಿಕ ಪಂಗಡಕ್ಕೂ ನೀಡಿದೆ. ಆದರೆ ಆ ಹಕ್ಕು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಒಳಪಟ್ಟಿದೆ. ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಧರ್ಮದ ವಿಷಯಗಳಲ್ಲಿ ಮಠವು ಸ್ವತಂತ್ರ, ಆಸ್ತಿಯ ಆಡಳಿತವನ್ನು ಮಾತ್ರ ಕಾನೂನು ನಿಯಂತ್ರಿಸಬಹುದು ಎಂದು ವಿಂಗಡಿಸಿತು.

ಮಗುವಿನ ಪಾಲನೆ ಯಾವ ಕಡೆಗೆ ಸೇರುತ್ತದೆ? 2015ರ ಬಾಲನ್ಯಾಯ ಅಧಿನಿಯಮದ ಉತ್ತರ ಸ್ಪಷ್ಟವಾಗಿದೆ. ಪಾಲನೆ, ರಕ್ಷಣೆಗಳ ಅಗತ್ಯವಿರುವ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆ, ನಡೆಸುವವರು ಯಾರೇ ಆಗಿರಲಿ, ಸರ್ಕಾರದ ಅನುದಾನ ಪಡೆಯಲಿ, ಬಿಡಲಿ, ನೋಂದಣಿಯಾಗಲೇಬೇಕು. ಮಠದ ಮೆಟ್ಟಿಲ ಮೇಲೆ ಯಾರೋ ಬಿಟ್ಟುಹೋದ ಹಸುಳೆಯನ್ನು ಎತ್ತಿಕೊಳ್ಳುವುದು ಕರುಣೆ. ಆದರೆ ಪೊಲೀಸರಿಗಾಗಲಿ ಮಕ್ಕಳ ಕಲ್ಯಾಣ ಸಮಿತಿಗಾಗಲಿ ತಿಳಿಸದೆ ಇಟ್ಟುಕೊಳ್ಳುವುದು, ವಿಧಿಬದ್ಧ ಕ್ರಮವಿಲ್ಲದೆ ಯಾರಿಗಾದರೂ ದತ್ತು ಕೊಡುವುದು ಅಪರಾಧ.

ದತ್ತಕದ ವಿಷಯದಲ್ಲಿ ಮನಸ್ಸಾಕ್ಷಿಯ ಪ್ರಶ್ನೆ ಇನ್ನೂ ತೀಕ್ಷ್ಣವಾಗಿದೆ. 2015ರಲ್ಲಿ ಮದರ್ ತೆರೇಸಾ ಸ್ಥಾಪಿಸಿದ ಮಿಷನರೀಸ್ ಆಫ್ ಚಾರಿಟಿ ಸಂಸ್ಥೆಯು, ಒಂಟಿ ವ್ಯಕ್ತಿಗಳಿಗೂ ಮಕ್ಕಳನ್ನು ಕೊಡಬೇಕೆಂಬ ಹೊಸ ನಿಯಮ ತನ್ನ ಶ್ರದ್ಧೆಗೆ ಒಪ್ಪದೆಂದು ದತ್ತಕ ಸೇವೆಯನ್ನೇ ಬಿಟ್ಟಿತು. ವಿನಾಯಿತಿ ದೊರೆಯಲಿಲ್ಲ. ಅಮೆರಿಕದಲ್ಲಿ ಮಾತ್ರ, ಸಲಿಂಗ ದಂಪತಿಗಳನ್ನು ಪೋಷಕರೆಂದು ಪ್ರಮಾಣೀಕರಿಸಲು ಒಪ್ಪದ ಫಿಲಡೆಲ್ಫಿಯಾದ ಕ್ಯಾಥೊಲಿಕ್ ಸಂಸ್ಥೆಯ ಪರವಾಗಿ 2021ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ನಗರದ ಒಪ್ಪಂದದಲ್ಲೇ ವಿನಾಯಿತಿಗೆ ಅವಕಾಶವಿದ್ದುದು ಆ ತೀರ್ಪಿಗೆ ಮುಖ್ಯ ಆಧಾರವಾಯಿತು.

ವೀರಶೈವರಿಗೆ ಈ ತೊಡಕು ಅಷ್ಟಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿದೆ. ಅವಿವಾಹಿತೆಗೂ ವಿಧವೆಗೂ ದತ್ತು ಪಡೆಯುವ ಅಧಿಕಾರವನ್ನು ಅದು ಅಂದೇ ನೀಡಿತು.

ತಪಾಸಣೆಗೆ ಬರುವ ಅಧಿಕಾರಿಗೆ ಮಠದ ಸಂಪ್ರದಾಯ ತಿಳಿಯದಿರಬಹುದು, ಕಾಗದಪತ್ರಗಳ ಹೊರೆಯೂ ಹೆಚ್ಚಬಹುದು. ಪೂಜೆ, ದೀಕ್ಷೆಗಳಲ್ಲಿ ಕೈಯಿಕ್ಕಿದರೆ 26ನೆಯ ವಿಧಿಯ ಆಶ್ರಯವಿದ್ದೇ ಇದೆ. ಆದರೆ ಮಗುವಿನ ಕ್ಷೇಮದ ಲೆಕ್ಕ ಕೇಳುವುದು ಧರ್ಮದಲ್ಲಿ ಕೈಯಿಕ್ಕುವುದಲ್ಲ. ನೀಡುವವನಲ್ಲಿ 'ನಾನು' ಎಂಬುದು ಅಳಿದಾಗಲೇ ದಾಸೋಹ ಸಿದ್ಧಿಸುವುದೆಂಬುದು ಶರಣರ ನಿಲುವು. ದೂರು ಹೇಳಲು ತಾಯಿತಂದೆಗಳಿಲ್ಲದ ಮಗುವಿನ ಪರವಾಗಿ ಹೊರಗಿನವನೊಬ್ಬನು ಬಂದು ವಿಚಾರಿಸಿದರೆ ದಾಸೋಹಕ್ಕೆ ಕುಂದಿಲ್ಲ. ಬಾಗಿಲು ಮುಚ್ಚಿದರೆ ಕುಂದುಂಟು.