ಏರುದನಿಗೆ ಗಂಟಲು ತೆರುವ ಬೆಲೆ

ಕನ್ನಡದಲ್ಲಿ ‘ಏರುದನಿ’ ಎಂದರೆ ಗಟ್ಟಿಯಾದ ದನಿಯೂ ಹೌದು, ಮೇಲಿನ ಸ್ಥಾಯಿಯ ದನಿಯೂ ಹೌದು. ಇದನ್ನು ನಾನು ನುಡಿಯ ಗೊಂದಲವೆಂದು ಭಾವಿಸುವುದಿಲ್ಲ. ಮಾತನಾಡುವ ಗಂಟಲಿನಲ್ಲಿ ಇವೆರಡೂ ಸಾಮಾನ್ಯವಾಗಿ ಜೊತೆಯಾಗಿಯೇ ಏರುತ್ತವೆ.

ಶ್ವಾಸಕೋಶದಿಂದ ಬರುವ ಗಾಳಿಯ ಒತ್ತಡಕ್ಕೆ ಧ್ವನಿತಂತುಗಳು ತೆರೆದು ಮುಚ್ಚುತ್ತ ಕಂಪಿಸುತ್ತವೆ. ಸೆಕೆಂಡಿಗೆ ಗಂಡಸರಲ್ಲಿ ಸುಮಾರು 120 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ. ಈ ಸಂಖ್ಯೆಯೇ ಸ್ಥಾಯಿಯನ್ನು ನಿರ್ಧರಿಸುತ್ತದೆ. ಒತ್ತಡ ಇಮ್ಮಡಿಯಾದರೆ ದನಿ 8ರಿಂದ 9 ಡೆಸಿಬೆಲ್‌ನಷ್ಟು ಗಟ್ಟಿಯಾಗುತ್ತದೆ. ಆಗ ತಂತುಗಳು ಹೆಚ್ಚು ಬಾಗಿ, ಹಿಗ್ಗಿ, ಬಿಗಿಯಾಗುವುದರಿಂದ ಕಂಪನದ ಸಂಖ್ಯೆಯೂ ಏರುತ್ತದೆ.

ಈ ನಂಟನ್ನು ಸಾಧನೆಯಿಂದ ಸಡಿಲಿಸಬಹುದು. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತದ್ದರಲ್ಲಿ ಇದೂ ಸೇರಿತ್ತು. ನುರಿತ ಗಾಯಕರು ಒಂದೇ ಸ್ವರವನ್ನು ಮೆಲ್ಲಗೆ ಆರಂಭಿಸಿ ತುಂಬುಕಂಠಕ್ಕೆ ಒಯ್ದರೂ ಸ್ವರ ಜರುಗುವುದಿಲ್ಲ. ಗಾಳಿಯ ಒತ್ತಡ ಹೆಚ್ಚಿದಷ್ಟೂ ಅವರ ಗಂಟಲಿನ ಸ್ನಾಯುಗಳು ಬಿಗಿತವನ್ನು ತಗ್ಗಿಸಿ ಸರಿದೂಗಿಸುತ್ತವೆ.

ಉಳಿದವರಿಗೆ ಆ ಹಿಡಿತವಿಲ್ಲ. ಗಜೇಂದ್ರಗಡದ ಮಗ್ಗಗಳ ಸದ್ದಿನ ನಡುವೆ ನಿಂತು ಮಾತನಾಡಿದರೆ ನಮಗರಿಯದಂತೆಯೇ ದನಿ ಏರುತ್ತದೆ. ಫ್ರಾನ್ಸಿನ ವೈದ್ಯ ಲೊಂಬಾರ್ ಈ ಸಹಜ ಪ್ರವೃತ್ತಿಯನ್ನು 1911ರಲ್ಲೇ ವಿವರಿಸಿದ್ದರು. ತರಗತಿಯ ಗದ್ದಲದಲ್ಲಿ ಶಿಕ್ಷಕಿಯ ಪಾಡೂ ಇದೇ. ಸೆಕೆಂಡಿಗೆ 200ರಂತೆ ಒಂದು ಗಂಟೆಯ ನಿರಂತರ ದನಿಗೆ ತಂತುಗಳು 7.2 ಲಕ್ಷ ಬಾರಿ ಪರಸ್ಪರ ಬಡಿದುಕೊಳ್ಳುತ್ತವೆ. ಸ್ಥಾಯಿ 250ಕ್ಕೆ ಏರಿದರೆ ಅದು 9 ಲಕ್ಷ. ಬಡಿತದ ಸಂಖ್ಯೆಯೊಡನೆ ಪ್ರತಿ ಬಡಿತದ ಬಿರುಸೂ ಹೆಚ್ಚುತ್ತದೆ. ಏರುದನಿಗೆ ಗಂಟಲು ಹೀಗೆ ಇಮ್ಮಡಿ ದಂಡ ತೆರುತ್ತದೆ. ಗಂಟಲು ಕಟ್ಟುವುದು, ತಂತುಗಳ ಮೇಲೆ ಗಂಟು ಮೂಡುವುದು ಅದರ ಫಲ.

ಗಟ್ಟಿಯಾಗಿ ಕಲಿಸುವವರೇ ಒಳ್ಳೆಯ ಶಿಕ್ಷಕರೆಂಬ ನಂಬಿಕೆಯನ್ನು ನಾವು ಬಿಡಬೇಕು. ಬಯಲಿನಲ್ಲಿ ಕೇಳುಗರ ದೂರ ಅರ್ಧಕ್ಕಿಳಿದರೆ, ಒತ್ತಡ ಹೆಚ್ಚಿಸದೆಯೇ ದನಿ 6 ಡೆಸಿಬೆಲ್‌ನಷ್ಟು ಗಟ್ಟಿಯಾಗಿ ಕೇಳುತ್ತದೆ. ಮಕ್ಕಳ ಹತ್ತಿರ ಹೋಗುವುದು, ನಡುನಡುವೆ ನೀರು ಕುಡಿಯುವುದು, ದೊಡ್ಡ ತರಗತಿಗೆ ಪುಟ್ಟ ಧ್ವನಿವರ್ಧಕ ಒದಗಿಸುವುದು ದುಬಾರಿಯ ಕ್ರಮಗಳಲ್ಲ. ಎರಡು-ಮೂರು ವಾರವಾದರೂ ದನಿ ತಿಳಿಯಾಗದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ನಮ್ಮ ರಾಜ್ಯದಲ್ಲಿದೆ. ಅಲ್ಲಿನ ತಿಳಿವಳಿಕೆ ರೋಣ, ನರಗುಂದ, ಗಜೇಂದ್ರಗಡದ ಶಾಲೆಗಳ ಶಿಕ್ಷಕರನ್ನೂ ತಲುಪಬೇಕು. ತರಬೇತಿಯ ಒಂದೆರಡು ಗಂಟೆಯನ್ನು ದನಿಗಾಗಿ ಮೀಸಲಿಟ್ಟರೆ ಸಾಕು. ಪಾಠ ಹೇಳುವವರ ಕಂಠ ಅವರ ನಿವೃತ್ತಿಯವರೆಗೂ ಬಾಳಬೇಕಲ್ಲವೇ?